ಹಗ್ಗದ ಚೂರಿನಿಂದ ಗಾಳದ ಎರೆ: ಕಟ್ಟುವುದಾದರೆ ಬಿಚ್ಚದಂತೆ ಕಟ್ಟೋಣ

ಮಾನ್ಯ ಸಂಪಾದಕರೇ,

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ನಮ್ಮ ಕರಾವಳಿಯ ಬಂದರುಗಳಲ್ಲಿ ಯಾಂತ್ರೀಕೃತ ಬೋಟುಗಳು ಸಾಲಾಗಿ ನಿಲ್ಲುತ್ತವೆ, ಬಲೆಗಳು ದಡಕ್ಕೆ ಬರುತ್ತವೆ, ಬಲೆ ದುರಸ್ತಿಯ ಶೆಡ್ಡುಗಳಲ್ಲಿ ಸವೆದ ಹಗ್ಗವನ್ನು ಕತ್ತರಿಸಿ ತೆಗೆದು ಹೊಸದನ್ನು ಪೋಣಿಸುವ ಕೆಲಸ ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತದೆ. ಇದೇ ಎರಡು ತಿಂಗಳು ಹೊಳೆಯ ಬಾಯಿ, ಅಳಿವೆ, ಸೇತುವೆಗಳ ಬುಡದಲ್ಲಿ ಗಾಳ ಹಿಡಿದು ನಿಲ್ಲುವವರ ಕಾಲವೂ ಹೌದು. ಒಂದು ಕಡೆ ರಾಶಿ ಬೀಳುವ ಹಗ್ಗದ ಚೂರು, ಇನ್ನೊಂದು ಕಡೆ ನೂರಾರು ರೂಪಾಯಿ ಕೊಟ್ಟು ಅಂಗಡಿಯಿಂದ ಹುಸಿ ಎರೆ ತರುವ ಹುಡುಗರು. ಈ ಎರಡರ ನಡುವೆ ಇರುವ ಸಂಬಂಧವನ್ನು ಓದುಗರ ಗಮನಕ್ಕೆ ತರಬೇಕು ಮತ್ತು ಅದರ ಜೊತೆಗೇ ಒಂದು ಎಚ್ಚರಿಕೆಯನ್ನೂ ಹೇಳಬೇಕು ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಕರಾವಳಿಯ ಒಂದು ಬಂದರಿನ ಹಿಂಬದಿಯಲ್ಲಿ ನಾನು ಕಂಡದ್ದನ್ನು ಮೊದಲು ಹೇಳುತ್ತೇನೆ. ಮಳೆ ಬಿಟ್ಟ ಒಂದು ಮಧ್ಯಾಹ್ನ ಹಸಿರು, ನೀಲಿ, ಬಿಳಿ ಹಗ್ಗದ ತುಂಡುಗಳ ಗುಡ್ಡೆಗೆ ಬೆಂಕಿ ಇಟ್ಟಿದ್ದರು. ಕಪ್ಪು ಹೊಗೆ ಹತ್ತಿರದ ಮನೆಗಳ ಅಂಗಳಕ್ಕೆ ನುಗ್ಗುತ್ತಿತ್ತು. ಬೆಂಕಿ ಆರಿದ ಮೇಲೆ ಉಳಿದ ಅರೆಬೆಂದ ಗಟ್ಟಿಗಳನ್ನು ಮರುದಿನದ ಮಳೆ ಹೊಳೆಗೆ ಕೊಚ್ಚಿಕೊಂಡು ಹೋಯಿತು. ಕಸವನ್ನು ಬಯಲಿನಲ್ಲಿ ಎಸೆಯಬಾರದು, ಸುಡಬಾರದು, ಹೂಳಬಾರದು ಎಂದು ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಸ್ಪಷ್ಟವಾಗಿ ಹೇಳಿವೆ. ಹಡಗುಗಳಿಂದ ಪ್ಲಾಸ್ಟಿಕ್ ಹಗ್ಗ ಮತ್ತು ಬಲೆಗಳನ್ನು ಸಮುದ್ರಕ್ಕೆ ಎಸೆಯುವುದನ್ನು ಅಂತರರಾಷ್ಟ್ರೀಯ ಒಪ್ಪಂದವೊಂದು 1988ರ ಕೊನೆಯಿಂದಲೇ ನಿಷೇಧಿಸಿದೆ. ನಿಯಮಗಳಿಗೆ ಕೊರತೆಯಿಲ್ಲ. ಆದರೆ ಬಲೆ ಕಟ್ಟುವವನ ಕೈಯಳತೆಯಲ್ಲಿ ಆ ಚೂರನ್ನು ಹಾಕಲು ಒಂದು ಡ್ರಮ್ ಇಲ್ಲದಿದ್ದರೆ ಅವನಾದರೂ ಏನು ಮಾಡಿಯಾನು?

ಹಗ್ಗದ ಚೂರಿನಿಂದ ಮೀನಿಗೆ ಎರೆ ಮಾಡುವುದು ಹೊಸ ಯೋಚನೆಯಲ್ಲ. ಕೈಗೆ ಸಿಕ್ಕ ಎಳೆಯನ್ನು ಗಾಳಕ್ಕೆ ಸುತ್ತಿ ಮೀನನ್ನು ಏಮಾರಿಸುವ ವಿದ್ಯೆ ಬಹಳ ಹಳೆಯದು. ಕ್ರಿ.ಶ. 200ರ ಸುಮಾರಿಗೆ ರೋಮಿನ ಲೇಖಕ ಏಲಿಯನ್, ಮ್ಯಾಸಿಡೋನಿಯಾದ ಜನರು ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ ಕೋಳಿಯ ಎರಡು ಗರಿ ಕಟ್ಟಿ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ನಮ್ಮಲ್ಲಿಯೇ 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದ್ದು, ಯಾವ ಮೀನಿಗೆ ಯಾವ ಆಹಾರ ಎಂಬ ವಿವರ ಅದರಲ್ಲಿದೆ. ಇಂದು ಜಗತ್ತಿನ ಗಾಳಗಾರರೆಲ್ಲರ ಬಾಯಲ್ಲಿರುವ ರಾಪಾಲಾ ಎಂಬ ಹೆಸರು ಹುಟ್ಟಿದ್ದು ಫಿನ್ಲೆಂಡಿನ ಒಬ್ಬ ಬಡ ಮೀನುಗಾರನಿಂದ. ಲೌರಿ ರಾಪಾಲಾ 1936ರಲ್ಲಿ ತನ್ನ ಮೊದಲ ಎರೆಯನ್ನು ಬೆಂಡಿನಿಂದ ಕೆತ್ತಿ, ಚಾಕೊಲೇಟ್ ಸುತ್ತಿ ಬರುವ ಬೇಗಡೆಯನ್ನು ಹೊದೆಸಿ, ಫೋಟೋ ನೆಗೆಟಿವ್ ಕರಗಿಸಿ ಮೇಲೆ ಬಳಿದಿದ್ದನು. ಅಂದರೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಮಿನುಗುವ ಆ ದುಬಾರಿ ವಸ್ತುವಿನ ಮೂಲವೂ ಕಸವೇ.

ನಮ್ಮ ಮನೆಯಲ್ಲಿ ಅಪ್ಪಯ್ಯ ಬಂಗುಡೆಯ ಗಾಳಕ್ಕೆ ಹುಂಜದ ಕತ್ತಿನ ಗರಿ ಕಟ್ಟುತ್ತಿದ್ದರು. ಒಂದೇ ದಾರಕ್ಕೆ ಒಂದು ಮೊಳಕ್ಕೊಂದರಂತೆ ಆರೇಳು ಗಾಳ, ಪ್ರತಿಯೊಂದಕ್ಕೂ ಎರಡೆರಡು ಗರಿ. ನೈಲಾನ್ ಹಗ್ಗ ನಮ್ಮೂರಿಗೆ ಬಂದ ಮೇಲೆ ಅವರು ಗರಿಯನ್ನು ಬಿಟ್ಟು ಹಗ್ಗದ ಬಿಳಿ ಎಳೆಯನ್ನು ಕಟ್ಟತೊಡಗಿದರು. ಗರಿ ನಾಲ್ಕು ಮೀನಿಗೆ ಹರಿದುಹೋಗುತ್ತಿತ್ತು, ನೈಲಾನ್ ಎಳೆ ಇಡೀ ಹಂಗಾಮು ಬಾಳುತ್ತಿತ್ತು. ಒಂದೊಂದು ಗಾಳ ಕಟ್ಟಿ ಮುಗಿದಾಗಲೂ ನನ್ನ ಕೈಗೆ ಕೊಟ್ಟು "ಎಳ್ದ್ ಕಾಣ್ ಮಗಾ" ಎನ್ನುತ್ತಿದ್ದರು. ನಾನು ಉಗುರಿನಲ್ಲಿ ಎಳೆಯನ್ನು ಹಿಡಿದು ಜಗ್ಗಬೇಕು. ಒಂದು ಎಳೆ ಕಿತ್ತು ಬಂದರೂ ಅವರು ಅದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಅದು ಅವರ ಹಟ ಎಂದು ಆಗ ನಾನು ತಿಳಿದಿದ್ದೆ.

ಅದು ಹಟವಲ್ಲ ಎಂದು ಅರ್ಥವಾದದ್ದು ನಾಲ್ಕು ವರ್ಷದ ಹಿಂದೆ. ಆಷಾಢದ ಒಂದು ದಿನ ತಂಗಿಯ ಮಗನಿಗೆ ನಾನೇ ಒಂದು ಎರೆ ಕಟ್ಟಿಕೊಟ್ಟಿದ್ದೆ. ದಡದಲ್ಲಿ ಬಿದ್ದಿದ್ದ ನೀಲಿ ಹಗ್ಗವನ್ನು ಬಿಚ್ಚಿ, ಎಳೆಗಳನ್ನು ಗಾಳಕ್ಕೆ ಸುತ್ತಿ, ಮೇಲೆ ಫೆವಿಕ್ವಿಕ್ ಹಾಕಿ, ಒಣಗಿದೆ ಎಂದು ಕೊಟ್ಟುಬಿಟ್ಟೆ, ಎಳೆದು ನೋಡಲಿಲ್ಲ. ಸಂಜೆ ಅವನು ಒಂದು ಒಳ್ಳೆಯ ಕೆಂಬೇರಿ ತಂದ. ಗಾಳ ಮಾತ್ರ ಬೋಳಾಗಿತ್ತು. ಎಳೆಗಳು ನೀರಿನಲ್ಲಿ ಹೋದವು ಎಂದುಕೊಂಡೆವು. ಹೆಂಡತಿ ಮೆಟ್ಟುಗತ್ತಿಯ ಮುಂದೆ ಕುಳಿತು ಮೀನಿನ ಹೊಟ್ಟೆ ಸೀಳಿದಾಗ, ಅರೆ ಕರಗಿದ ಸಿಗಡಿಯ ಸಿಪ್ಪೆಯ ನಡುವೆ ಆ ನೀಲಿ ಎಳೆಗಳ ಕಂತೆ ಇತ್ತು. ನಾನು ಸುತ್ತಿದ ಕೆಂಪು ಹೊಲಿಗೆ ನೂಲು ಇನ್ನೂ ಅದಕ್ಕೆ ಉಂಗುರದಂತೆ ಅಂಟಿಕೊಂಡಿತ್ತು. ಆ ಮೀನು ನಮ್ಮ ಪಾತ್ರೆಗೆ ಬಂದದ್ದರಿಂದ ನಾವು ಅದನ್ನು ಕಂಡೆವು. ಗಾಳದಿಂದ ತಪ್ಪಿಸಿಕೊಂಡಿದ್ದರೆ, ಕರಗದ, ಹೊರಗೂ ಹೋಗದ ಆ ಕಂತೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅದು ಹೊಳೆಯಲ್ಲಿ ತಿರುಗಬೇಕಾಗಿತ್ತು. ಕಡಲಿನ ಕಸವನ್ನು ಹೆಕ್ಕಿ ಕಡಲಿಗೇ ಮರಳಿ ಕೊಟ್ಟಂತಾಯಿತು ಎಂಬ ನೋವು ನನಗೆ ಇಂದಿಗೂ ಇದೆ. ಈಗ ಮೊಬೈಲಿನಲ್ಲಿ ನೋಡಿ ಹಗ್ಗದ ಎರೆ ಕಟ್ಟುವ ಹುಡುಗರು ನಮ್ಮ ಸುತ್ತ ಹೆಚ್ಚಾಗುತ್ತಿದ್ದಾರೆ. ಅವರಲ್ಲಿ ಹಲವರು ನಾನು ಮಾಡಿದ ತಪ್ಪನ್ನೇ ಮಾಡುತ್ತಿರುವುದನ್ನು ಕಾಣುತ್ತಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುವುದನ್ನು ತಾವು ಮನ್ನಿಸಬೇಕು.

ತಪ್ಪು ಎಲ್ಲಿ ಆಗಿತ್ತೆಂದರೆ, ಹಗ್ಗದ ಜಾತಿ ನೋಡದೆ ಅಂಟನ್ನು ನಂಬಿದ್ದರಲ್ಲಿ. ಬಂದರಿನಲ್ಲಿ ಸಿಗುವ ಹಗ್ಗವೆಲ್ಲ ನಮ್ಮ ಬಾಯಲ್ಲಿ ನೈಲಾನ್ ಹಗ್ಗವೇ. ಆದರೆ ನೀಲಿ, ಹಳದಿ ಬಣ್ಣದ ಒರಟು ಹಗ್ಗ ಹೆಚ್ಚಾಗಿ ಪಾಲಿಪ್ರೊಪಿಲೀನ್, ಟ್ರಾಲ್ ಬಲೆಯ ಹಸಿರು ದಾರ ಪಾಲಿಎಥಿಲೀನ್, ಮೆತ್ತಗೆ ಬಿಳಿಯಾಗಿ ಹೊಳೆಯುವುದು ಸಾಮಾನ್ಯವಾಗಿ ನಿಜವಾದ ನೈಲಾನ್. ನೀರಿನ ಸಾಂದ್ರತೆಯನ್ನು 1 ಎಂದು ಹಿಡಿದರೆ ಪಾಲಿಪ್ರೊಪಿಲೀನ್ ಸುಮಾರು 0.9, ಪಾಲಿಎಥಿಲೀನ್ ಸುಮಾರು 0.95, ನೈಲಾನ್ 1.14, ಪಾಲಿಯೆಸ್ಟರ್ 1.38. ಮೊದಲ ಎರಡು ತೇಲುತ್ತವೆ, ಕೊನೆಯ ಎರಡು ಮುಳುಗುತ್ತವೆ. ಬಣ್ಣವನ್ನು ನಂಬದೆ ಒಂದು ತುಂಡನ್ನು ಬಾಲ್ದಿ ನೀರಿಗೆ ಹಾಕಿ ನೋಡುವುದೇ ಸರಿ. ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡು ನೈಲಾನ್ ಕೂಡ ಮೊದಲು ತೇಲಬಹುದು. ಆದ್ದರಿಂದ ಎರಡು ಹನಿ ಸೋಪಿನ ನೀರು ಹಾಕಿ ಬೆರಳಿನಲ್ಲಿ ಹಿಸುಕಿ ಗುಳ್ಳೆಗಳನ್ನು ಬಿಡಿಸಿದ ಮೇಲೆ ನೋಡಬೇಕು. ಪಾಲಿಪ್ರೊಪಿಲೀನ್ ಮತ್ತು ಪಾಲಿಎಥಿಲೀನ್‌ಗಳ ಮೈ ಮೇಣದಂತಿರುವುದರಿಂದ ಮನೆಯಲ್ಲಿರುವ ಯಾವ ಅಂಟೂ ಅವನ್ನು ಕಚ್ಚಿ ಹಿಡಿಯುವುದಿಲ್ಲ. ಒಣಗಿದಂತೆ, ಗಟ್ಟಿಯಾದಂತೆ ಕಾಣುತ್ತದೆ, ಅಷ್ಟೆ. ನನ್ನ ನೀಲಿ ಎಳೆಗಳು ಮೀನಿನ ಬಾಯಲ್ಲಿ ಜಾರಿಬಂದದ್ದಕ್ಕೆ ಇದೇ ಕಾರಣ.

ಇನ್ನೊಂದು ಪರೀಕ್ಷೆಯನ್ನು ಕಣ್ಣಿಗಿಂತ ಕೈಯೇ ಚೆನ್ನಾಗಿ ಮಾಡುತ್ತದೆ. ಹಗ್ಗವನ್ನು ಅಂಗೈಯಲ್ಲಿ ಹಿಡಿದು ಗಟ್ಟಿಯಾಗಿ ಉಜ್ಜಿದಾಗ ಬಿಳಿ ಹುಡಿ ಅಂಟಿದರೆ, ಅಥವಾ ಎಳೆಯನ್ನು ಮಡಚಿದಾಗ ಚಿಟಿಕೆ ಹೊಡೆದಂತೆ ಮುರಿದರೆ, ಅದು ಬಿಸಿಲಿಗೆ ಸತ್ತ ಹಗ್ಗ. ಅದರಿಂದ ಎರೆ ಕಟ್ಟಲೇಬಾರದು. ನೀರಿನಲ್ಲಿ ಪ್ರತಿ ಎಳೆತಕ್ಕೂ ಅದು ಪುಡಿಪುಡಿಯಾಗಿ ಉದುರುತ್ತದೆ, ಆ ಪುಡಿಯನ್ನು ಯಾರೂ ಮತ್ತೆ ಹೆಕ್ಕಲಾರರು. ಶೆಡ್ಡಿನ ನೆರಳಿನಲ್ಲಿ ಹೊಸದಾಗಿ ಕತ್ತರಿಸಿ ಬಿದ್ದ ಚೂರು ಇದಕ್ಕೆ ಯೋಗ್ಯವೇ ಹೊರತು ಮರಳಿನಲ್ಲಿ ವರ್ಷಗಟ್ಟಲೆ ಒಣಗಿದ್ದಲ್ಲ.

ನೈಲಾನ್ ಸಿಕ್ಕಿದರೆ ಕೆಲಸ ಸುಲಭ. ಮೂರು ಹುರಿಯ ಹಗ್ಗದ ಒಂದು ಗೇಣು ತುಂಡನ್ನು ಸೋಪಿನಲ್ಲಿ ತೊಳೆದು ಉಪ್ಪು, ಎಣ್ಣೆ ತೆಗೆದು ಒಣಗಿಸಿ, ಹುರಿಯನ್ನು ಬಿಚ್ಚಿ, ಎಳೆಗಳನ್ನು ಹಳೆಯ ಬಾಚಣಿಗೆಯಿಂದ ಕೂದಲು ಬಾಚಿದಂತೆ ಬಾಚಬೇಕು. ಸಡಿಲವಾದ ನಾರುಗಳೆಲ್ಲ ಆಗಲೇ ಉದುರುತ್ತವೆ; ಹೀಗಾಗಿ ಈ ಕೆಲಸವನ್ನು ದಡದಲ್ಲಿ ಕುಳಿತು ಮಾಡದೆ ಮನೆಯಲ್ಲಿ ಒಂದು ಪೇಪರ್ ಹಾಸಿ ಮಾಡಿ, ಉದುರಿದ್ದನ್ನು ಒಂದು ಬಾಟಲಿಗೆ ತುಂಬಿಡಬೇಕು. ಬೆಂಕಿಕಡ್ಡಿಯಷ್ಟು ದಪ್ಪದ ಕಂತೆ ಸಾಕು. ಹೊಸಬರು ದಪ್ಪ ಕಂತೆ ಕಟ್ಟುತ್ತಾರೆ. ಅದು ನೀರಿನಲ್ಲಿ ಪೊರಕೆಯಂತೆ ನಿಲ್ಲುತ್ತದೆಯೇ ಹೊರತು ಮೀನಿನ ಮರಿಯಂತೆ ಉಸಿರಾಡುವುದಿಲ್ಲ. ಗಾಳದ ದಂಡಿಗೆ ಮೊದಲು ನೂಲನ್ನು ಒತ್ತೊತ್ತಾಗಿ ಸುತ್ತಿ ತಳ ಮಾಡಿಕೊಂಡು, ಕಂತೆಯ ನಡುಭಾಗವನ್ನು ಅದರ ಮೇಲಿಟ್ಟು ಹತ್ತು ಸುತ್ತು ಬಿಗಿದು, ಮುಂದಕ್ಕೆ ಚಾಚಿದ ಅರ್ಧವನ್ನು ಹಿಂದಕ್ಕೆ ಮಡಚಿ, ಆ ಮಡಿಕೆಯ ಮೇಲೆ ಮತ್ತೆ ಹತ್ತು ಸುತ್ತು ಬಿಗಿಯಬೇಕು. ಹೀಗೆ ಮಡಚಿ ಕಟ್ಟಿದ ಎಳೆ ನೂಲು ಹರಿಯದ ಹೊರತು ಜಾರಿ ಬರುವುದಿಲ್ಲ. ಕೊನೆಯ ಗಂಟಿಗೆ ಎರಡು ಸಲ ಉಗುರುಬಣ್ಣ ಬಳಿದರೆ ನೂಲು ಸವೆಯುವುದಿಲ್ಲ. ಬಾಲದ ಉದ್ದ ಗಾಳದ ದಂಡಿನ ಎರಡರಷ್ಟಿದ್ದರೆ ಚೆನ್ನ. ಬಾಲ ಇನ್ನೂ ಉದ್ದವಾದರೆ ಮೀನು ಅದರ ತುದಿಯನ್ನು ಮಾತ್ರ ಕಚ್ಚಿ ಬಿಟ್ಟುಬಿಡುತ್ತದೆ.

ತೇಲುವ ಎರೆಯೇ ಬೇಕೆಂದು ಪಾಲಿಪ್ರೊಪಿಲೀನ್ ಬಳಸುವವರು ಮಡಚಿ ಕಟ್ಟುವುದರ ಜೊತೆಗೆ ಎಳೆಗಳ ಬುಡವನ್ನು ಬೆಂಕಿಗೆ ಹಿಡಿದು ಕರಗಿಸಿ, ಬಿಸಿಯಿರುವಾಗಲೇ ಚಮಚದ ಬೆನ್ನಿನಿಂದ ಒತ್ತಿ ಒಂದು ಸಣ್ಣ ಗುಂಡಿಯಂತೆ ಮಾಡಿಕೊಳ್ಳಬೇಕು. ನೂಲನ್ನು ಆ ಗುಂಡಿಯ ಹಿಂದೆ ಬಿಗಿದರೆ ಎಳೆ ಜಾರಲು ದಾರಿಯಿರುವುದಿಲ್ಲ. ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ತಾಗಿದರೆ ಅಂಟಿಕೊಂಡೇ ಸುಡುವುದರಿಂದ ಎಳೆಯನ್ನು ಇಕ್ಕಳದಲ್ಲಿ ಹಿಡಿಯಬೇಕು, ಮನೆಯ ಹೊರಗೆ ಮಾಡಬೇಕು, ಮಕ್ಕಳ ಕೈಗೆ ಈ ಕೆಲಸ ಕೊಡಬಾರದು. ಯಾವ ಎರೆಯಾದರೂ ನೀರಿಗೆ ಹೋಗುವ ಮೊದಲು ಅದರ ಬಾಲಕ್ಕೆ ಒಂದು ಲೀಟರ್ ನೀರು ತುಂಬಿದ ಬಾಟಲಿಯನ್ನು ಕಟ್ಟಿ ಸ್ವಲ್ಪ ಹೊತ್ತು ತೂಗುಬಿಟ್ಟು ನೋಡಬೇಕೆಂಬುದು ನನ್ನ ವಿನಂತಿ. ಅಪ್ಪಯ್ಯನ "ಎಳ್ದ್ ಕಾಣ್" ಎಂಬ ಮಾತಿಗೆ ನಾನು ಕಂಡುಕೊಂಡ ಅಳತೆ ಇದು.

ಬಣ್ಣದ ವಿಷಯದಲ್ಲಿ ಅಡುಗೆಮನೆಯ ಅರಿಸಿನವೇ ಸಾಕು. ನೈಲಾನ್ ಎಳೆಯನ್ನು ಅರಿಸಿನದ ಬಿಸಿನೀರಿನಲ್ಲಿ ಒಂದು ಚಮಚ ವಿನೆಗರ್ ಸೇರಿಸಿ ಅರ್ಧ ಗಂಟೆ ಇಟ್ಟರೆ ಸೊಗಸಾದ ಹಳದಿ ಹಿಡಿಯುತ್ತದೆ. ಎಳೆಯಲ್ಲಿ ಸೋಪಿನ ಅಂಶ ಉಳಿದಿದ್ದರೆ ಅದು ಕೆಂಪಿಗೆ ತಿರುಗುತ್ತದೆ; ಅರಿಸಿನಕ್ಕೆ ಸುಣ್ಣ ಹಾಕಿ ಓಕುಳಿ ಮಾಡಿದವರಿಗೆ ಇದರ ಗುಟ್ಟು ಗೊತ್ತು. ಬಿಸಿಲಿಗೆ ಈ ಬಣ್ಣ ಬೇಗ ಮಾಸುತ್ತದೆ ನಿಜ, ಮತ್ತೆ ಅದ್ದಿದರಾಯಿತು. ಪಾಲಿಪ್ರೊಪಿಲೀನ್ ಮಾತ್ರ ಯಾವ ಬಣ್ಣವನ್ನೂ ಕುಡಿಯುವುದಿಲ್ಲ, ಅದನ್ನು ಇದ್ದ ಬಣ್ಣದಲ್ಲೇ ಬಳಸಬೇಕು. ಕೆಂಪು ಬೆಳಕು ನೀರಿನಲ್ಲಿ ಎಲ್ಲಕ್ಕಿಂತ ಮೊದಲು ಇಂಗಿಹೋಗುವುದರಿಂದ ಆಳದಲ್ಲಿ ಕೆಂಪು ಎರೆ ಕಪ್ಪಾಗಿಯೇ ಕಾಣುತ್ತದೆ. ಮಳೆಗಾಲದ ಕೆಸರು ನೀರಿನಲ್ಲಂತೂ ಬಣ್ಣಕ್ಕಿಂತ ಬಾಲದ ಅಲುಗಾಟವೇ ಮುಖ್ಯ ಎಂಬುದು ನನ್ನ ಅನುಭವ.

ತೂಕಕ್ಕೆ ಸೀಸ ಕರಗಿಸುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು. ಅಡುಗೆಯ ಒಲೆಯ ಮೇಲೆ, ಮಕ್ಕಳು ಸುತ್ತ ನಿಂತಿರುವಾಗ ಹಳೆಯ ಬ್ಯಾಟರಿಯ ಸೀಸವನ್ನು ಕರಗಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೀಸದ ಹೊಗೆ ಮತ್ತು ಹುಡಿ ಮಕ್ಕಳ ಮೆದುಳಿಗೆ ನೇರವಾಗಿ ಕೇಡು ಮಾಡುವಂಥವು. ಗಾಳದ ಸಣ್ಣ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದ ಕಾರಣಕ್ಕೆ ಬ್ರಿಟನ್ 1987ರಲ್ಲೇ ಅವುಗಳ ಮಾರಾಟವನ್ನು ನಿಲ್ಲಿಸಿತು. ನಮಗೆ ಗುಜರಿ ಅಂಗಡಿಯ ಹಳೆಯ ನಟ್ಟು ಸಾಕು. ಉಕ್ಕು ಸೀಸಕ್ಕಿಂತ ಹಗುರವಾದ್ದರಿಂದ ಅಷ್ಟೇ ತೂಕಕ್ಕೆ ಸ್ವಲ್ಪ ದೊಡ್ಡ ಗಾತ್ರ ಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ. ಎರೆಯ ಮುಂದೆ ತಂಗೂಸಿಯಲ್ಲಿ (ಗಾಳದ ದಾರದಲ್ಲಿ) ನಟ್ಟನ್ನು ಪೋಣಿಸಿದರೆ ಅದೇ ತಲೆಯಂತೆಯೂ ಕಾಣುತ್ತದೆ.

ಇದೇ ಸಂದರ್ಭದಲ್ಲಿ ಒಂದು ಬಗೆಯ ಎರೆಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಅಮೆರಿಕದಲ್ಲಿ ಗಾರ್ ಎಂಬ ಉದ್ದ ಮೂತಿಯ, ಚೂಪು ಹಲ್ಲಿನ ಮೀನಿಗೆ ಗಾಳವೇ ಇಲ್ಲದ ಹಗ್ಗದ ಎರೆ ಬಳಸುತ್ತಾರೆ. ನೈಲಾನ್ ಹಗ್ಗದ ತುಂಡನ್ನು ನಾರುನಾರಾಗಿ ಬಿಚ್ಚಿ ಬಿಟ್ಟರೆ, ಮೀನು ಕಚ್ಚಿದಾಗ ಅದರ ಹಲ್ಲುಗಳಿಗೆ ನಾರು ಸಿಕ್ಕಿಕೊಳ್ಳುತ್ತದೆ. ಆ ಮೀನಿನ ಮೂತಿ ಎಲುಬಿನಷ್ಟು ಗಟ್ಟಿಯಾಗಿದ್ದು ಗಾಳ ಸುಲಭವಾಗಿ ನಾಟದ ಕಾರಣ ಅಲ್ಲಿ ಈ ಉಪಾಯ ಹುಟ್ಟಿತು. ಅಲ್ಲಿನ ಬಲ್ಲವರೇ ಹೇಳುವಂತೆ, ನಾರನ್ನು ಪೂರ್ತಿ ಬಿಡಿಸದೆ ಮೀನನ್ನು ಬಿಟ್ಟರೆ ಅಥವಾ ದಾರ ಹರಿದುಹೋದರೆ, ಅದು ಬಾಯಿ ತೆರೆಯಲಾಗದೆ ಹಸಿವಿನಿಂದ ಸಾಯುತ್ತದೆ. ನಮ್ಮ ಅಳಿವೆಗಳಲ್ಲಿಯೂ ಸೂಜಿಯಂಥ ಮೂತಿಯ ಮೀನುಗಳಿವೆ, ಅವುಗಳ ಮೇಲೆ ಇದನ್ನು ಪ್ರಯೋಗಿಸಲು ಹೊರಟ ಹುಡುಗರೂ ಇದ್ದಾರೆ. ಕಲ್ಲುಬಂಡೆಗಳ ನಡುವೆ ದಾರ ಆಗಾಗ ಹರಿಯುವ ನಮ್ಮ ಜಾಗಗಳಲ್ಲಿ ಇದು ಕ್ರೂರವಾದ ಆಟವಾದೀತು. ಮಳೆಗಾಲದಲ್ಲಿ ಪಾಚಿಗಟ್ಟಿದ ಆ ಬಂಡೆಗಳ ಮೇಲೆ ನಿಲ್ಲುವುದೇ ಜೀವಕ್ಕೆ ಅಪಾಯ ಎಂಬುದನ್ನೂ ಪೋಷಕರು ಮಕ್ಕಳಿಗೆ ಒತ್ತಿ ಹೇಳಬೇಕು.

ಎರೆ ಕಟ್ಟುವುದರಿಂದ ಬಂದರಿನ ಕಸದ ಗುಡ್ಡೆ ಕರಗಿಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ಒಂದು ಗೇಣು ಹಗ್ಗದಲ್ಲಿ ಹತ್ತಾರು ಎರೆಗಳಾಗುವಾಗ ಟನ್ನುಗಟ್ಟಲೆ ಹಗ್ಗಕ್ಕೆ ಅದು ಲೆಕ್ಕವೇ ಅಲ್ಲ. ಆದರೆ ಹಗ್ಗವನ್ನು ಕೈಯಲ್ಲಿ ಹಿಡಿದು ಇದು ತೇಲುವ ಜಾತಿ, ಇದು ಮುಳುಗುವ ಜಾತಿ, ಇದು ಬಿಸಿಲಿಗೆ ಸತ್ತದ್ದು ಎಂದು ಗುರುತಿಸಲು ಕಲಿತ ಹುಡುಗ ಅದನ್ನು ಹೊಳೆಗೆ ಎಸೆಯುವ ಮುನ್ನ ಒಮ್ಮೆ ಯೋಚಿಸುತ್ತಾನೆ ಎಂಬುದನ್ನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ನಂಬುತ್ತೇನೆ. ಸಾಂದ್ರತೆಯ ಪಾಠವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದರೂ ತಲೆಗೆ ಹತ್ತದ ಮಕ್ಕಳು, ಬಾಲ್ದಿಯಲ್ಲಿ ನೀಲಿ ಎಳೆ ತೇಲಿ ಬಿಳಿ ಎಳೆ ಮುಳುಗುವುದನ್ನು ಕಂಡ ದಿನ ತಾವಾಗಿಯೇ ಪ್ರಶ್ನೆ ಕೇಳಿದ್ದನ್ನು ನೋಡಿದ್ದೇನೆ. ಕರಾವಳಿಯ ಮೂರೂ ಜಿಲ್ಲೆಗಳ ಶಾಲೆಗಳಲ್ಲಿ ವೃತ್ತಿ ಶಿಕ್ಷಣದ ಅವಧಿಯಲ್ಲಿ ಇದನ್ನು ಕಲಿಸಲು ಖರ್ಚೇನೂ ಇಲ್ಲ. ಗಾಳದ ಮೊನೆಯನ್ನು ಒಂದು ತುಂಡು ಬೆಂಡಿನಲ್ಲಿ ಚುಚ್ಚಿ ಕೊಟ್ಟರೆ ಅಪಾಯವೂ ಇರದು.

ಆದ್ದರಿಂದ ಮೀನುಗಾರಿಕಾ ಇಲಾಖೆ, ಬಂದರುಗಳ ನಿರ್ವಹಣೆಯ ಹೊಣೆ ಹೊತ್ತವರು ಮತ್ತು ಮೀನುಗಾರರ ಸಹಕಾರ ಸಂಘಗಳಲ್ಲಿ ನನ್ನ ಕೋರಿಕೆ ಇಷ್ಟೇ. ಬಲೆ ದುರಸ್ತಿಯ ಪ್ರತಿ ಶೆಡ್ಡಿನಲ್ಲೂ ಹಗ್ಗದ ಚೂರಿಗೆಂದು ಎರಡು ಡ್ರಮ್ಮುಗಳನ್ನು ಇಡಬೇಕು, ಒಂದು ತೇಲುವ ಹಗ್ಗಕ್ಕೆ, ಇನ್ನೊಂದು ನೈಲಾನಿಗೆ. ಬೆರಕೆಯಾದ ಹಗ್ಗವನ್ನು ಗುಜರಿಯವರು ಮುಟ್ಟುವುದಿಲ್ಲ, ಬೇರೆಬೇರೆಯಾಗಿದ್ದರೆ ಕೊಂಡೊಯ್ಯುತ್ತಾರೆ. ಕತ್ತರಿಸುವಾಗಲೇ ಬೇರ್ಪಡಿಸಿದರೆ ಅದಕ್ಕೆ ಬೇರೆ ಆಳೂ ಬೇಡ. ಹಗ್ಗ ಸುಡುವುದನ್ನು ಕೂಡಲೇ ನಿಲ್ಲಿಸಬೇಕು. ಈ ಜುಲೈ ಮುಗಿಯುವುದರೊಳಗೆ ನಮ್ಮ ತಾಲ್ಲೂಕಿನ ಒಂದು ಶೆಡ್ಡಿನಲ್ಲಾದರೂ ಡ್ರಮ್ ಇಟ್ಟರೆ, ಅದರಲ್ಲಿ ಬಿದ್ದ ನೈಲಾನ್ ಚೂರುಗಳನ್ನು ವಾರಕ್ಕೊಮ್ಮೆ ಮನೆಗೆ ಒಯ್ದು, ತೊಳೆದು ಒಣಗಿಸಿ, ಹತ್ತಿರದ ಶಾಲೆಗಳಿಗೆ ಮುಟ್ಟಿಸುವ ಮತ್ತು ಕರೆದಲ್ಲಿ ಹೋಗಿ ಮಕ್ಕಳಿಗೆ ಕಟ್ಟುವುದನ್ನು ತೋರಿಸಿಕೊಡುವ ಕೆಲಸವನ್ನು ನಾನು ಸ್ವಂತ ಖರ್ಚಿನಲ್ಲಿ ಮಾಡಲು ಸಿದ್ಧನಿದ್ದೇನೆ.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಕುಂದಾಪುರ ತಾಲ್ಲೂಕು